ಮಡ್ಡಿ

ಉಮದಿಯ ಕನ್ನಡ ಶಾಳೆ, ಮೂರನೆಯ ಇಯತ್ತೆ.
ಹದಿನೇಳರ ಮಗ್ಗಿ
ಐದರ ಮುಂದ ಹೋಗಲೇ ಇಲ್ಲ ನನಗ.
ಹಂಜಗಿ ಮಾಸ್ತರರು ಖಡು ಹಿಡಿದ ಕೈಯಿಂದಲೇ
ನೆತ್ತಿ ಕುಟ್ಟಿ ‘ಮಡ್ಡಿ’ ಅಂದರು.
ಬಿಳೇನಿಸಿದ್ಧ ಅನ್ನೋ ಹೆಸರು
ಅಂದಿನಿಂದ ಹಾಜರಿ ಪುಸ್ತಕದಾಗಷ್ಟೇ ಉಳೀತು.

ಮಡ್ಡಿ ಅಂದರ ಏನಬೇ? ಕೇಳಿದೆ.
ಕುಸುಬಿ ಎಣ್ಣಿ ಬಗ್ಗಿಸಾಕಿದ್ದ ಅವ್ವ
ಡಬ್ಬಿಯ ತಳ ತೋರಿಸಿದಳು: ಇದು.
ಆಮ್ಯಾಲ ನಮ್ಮ ಎರಡೆಕರೆ ಕಡೆ ಗದ್ದ ಎತ್ತಿ: ಅದೂ.
ಗರಸು, ಹೊನ್ನಾವರಿಕೆ,
ಕುರಿ ಸೈತ ಬ್ಯಾಸತ್ತು ದಾಟೋ ನೆಲ.
ಒಂದು ಮಾತಿಗೆ ಮೂರು ಮನಿ,
ಮೂರಕ್ಕೂ ಬಾಡಿಗಿ ನಾನ ಕೊಟ್ಟಂಗ.

ಆ ನೆಲಕ್ಕ ದ್ರಾಕ್ಷಿ ಬಂತು ಮುಂದ.
ತಂತಿ, ಕಬ್ಬಿಣದ ಆಂಗಲ್, ಹನಿ ನೀರಿನ ಕರಿ ಪೈಪು.
ಎರಿ ಹೊಲದ ಕಾಯಿ ನೀರು ಕುಡದು ಸೊಕ್ಕತಾವು.
ಮಡ್ಡಿಯವು ಸಣ್ಣವು, ತೊಗಲು ದಪ್ಪ,
ಸಿಹಿಯೊಳಗ ಒಂದೀಟು ಸಿಟ್ಟು.

ಈಗ ಪಲೂಸದ ಕಡೆ ವೈನಿನ ಕಾರಖಾನೆ,
ಟಾಕಿ ತೊಳೆಯೋದು ನನ್ನ ಕೆಲಸ.
ಮೊದಲು ದೀಪ ಇಳಿಸತೀವಿ.
ಆರಿತೋ, ಒಳಗ ಉಸಿರಿಲ್ಲ.
ಘಾಟಗೆ ಸಾಹೇಬರು ‘ಗಾಳ’ ಅಂತಾರ ಮರಾಠಿಯೊಳಗ,
ಇಳಿದವನ ಬಾಯಾಗ ಅದು ಮಡ್ಡಿನ.

ಮೊದಲನೆಯ ಮಡ್ಡಿ ಮೋರಿಗೆ.
ಎರಡನೆಯದು ನುಣ್ಣಂದು, ಕೆನಿಯಂಥದ್ದು,
ಅದನ್ನ ಮುಟ್ಟಬ್ಯಾಡ ಅಂತಾರ.
ಆರು ತಿಂಗಳು ವೈನು ಅದರ ಮ್ಯಾಲ ಮಲಗಬೇಕು,
ವಾರಕ್ಕೊಮ್ಮೆ ಕೋಲು ಹಾಕಿ ಕಲಕಬೇಕು.
ಸತ್ತ ಹುದುಗು ಮೈ ಬಿಚ್ಚಿ ಕೊಡತದ,
ಏನು ಕೊಡತದೋ, ನಾಲಿಗಿಗೆ ಗೊತ್ತು.
‘ಇದಿಲ್ಲಂದರ ಬರೇ ನೀರು’
ಅಂತಾರ ಘಾಟಗೆ, ಗ್ಲಾಸು ಬೆಳಕಿಗೆ ಹಿಡಿದು.

ಜತ್ತದ ಸ್ಟ್ಯಾಂಡಿನಾಗ ಸಿಕ್ಕರು ಮಾಸ್ತರರು,
ಕಿವಿಗೆ ಮಷೀನು, ಬಗಲಾಗ ದಪ್ಪ ನಿಘಂಟು.
‘ಏನು ಮಾಡತಿ?’
‘ಮಡ್ಡಿ ಕಲಕತೀನ್ರಿ ಸರ.’
ನಗಲಿಲ್ಲ. ಹುರುಪಾದರು.
‘ನೋಡ ತಮ್ಮಾ, ಹೊಲದ್ದು ಬ್ಯಾರೆ. ಅದು ಮರಡಿ ಇರಬೇಕು,
ಮಂದಿ ಬಾಯಾಗ ಉರುಳಿ ಉರುಳಿ
ನಡುವಿನ ‘ರ’ ಸವದು ಮಡ್ಡಿ ಆಗೇದ.
ತಳದ್ದು ಎಲ್ಲಿಂದ ಬಂತು, ನನಗ ಪಕ್ಕಾ ಇಲ್ಲ.’
‘ಮೂರನೆಯದು, ಸರ?’
‘ಯಾವ ಮೂರನೆಯದು?’

ಸೊಲ್ಲಾಪುರದ ಬಸ್ಸು ಬಂತು.
ನಿಘಂಟು ಹಿಡಕೊಂಡು ಹತ್ತಿಸಿದೆ.
ನನ್ನ ಉಗುರಿನ ನೇರಳಿ ಬಣ್ಣ
ರಟ್ಟಿನ ಮ್ಯಾಲ ಬಟ್ಟಾಗಿ ಕುಂತಿತು.
ಒರಸಲಿಲ್ಲ ಅವರು, ನೋಡಿರಲಿಕ್ಕಿಲ್ಲ.

ನಾಳೆ ಶನಿವಾರ, ಕೋಲು ಹಾಕೋ ದಿನ.
ಟಾಕಿಯ ನಂಬರು ನೂರಾ ಎರಡು.
ಹದಿನೇಳಾರ್ಲೆ.