ಇಪ್ಪತ್ತೊಂದು ಮೀಟರ್

ನೋಡುವ ಕಣ್ಣು ನೆಲದಿಂದ
ಒಂದು ಮೀಟರ್ ಅರವತ್ತರಲ್ಲಿರಬೇಕು, ಇದು ನಿಯಮ.
ನಾನು ಕುಳ್ಳಿ. ಜಂಬಿಟ್ಟಿಗೆಯ ತುಂಡೊಂದನ್ನು
ಎಲ್ಲಿ ಹೋದರೂ ಜೀಪಿನಲ್ಲಿ ಒಯ್ಯುತ್ತೇನೆ,
ಮೇಲೆ ಹತ್ತಿ ನಿಂತು
ನಿಯಮದಷ್ಟು ಎತ್ತರವಾಗುತ್ತೇನೆ.

ಮಾಣ್ಕೊಣೆಯ ಗುಡ್ಡದ ಬೆನ್ನ ಮೇಲೆ
ಏಳು ಅಂತಸ್ತು ಏಳಲಿವೆ. ಎಂಬತ್ತನಾಲ್ಕು ಮನೆ,
ಮಾಳಿಗೆಯಲ್ಲೊಂದು ಈಜುಕೊಳ.
ಎಲ್ಲೆಲ್ಲಿಂದ ಕಾಣುತ್ತದೆ, ಕಂಡರೆ ಎಷ್ಟು ಕೆಡುತ್ತದೆ,
ಇಷ್ಟು ಬರೆದುಕೊಡಬೇಕು.
ಮೂರು ದಿನ, ಹನ್ನೊಂದು ಜಾಗ,
ಕಟ್ಟಡದ ನೆತ್ತಿ ತೋರಿಸಲು ಒಂದು ಕೆಂಪು ಬಲೂನು.

ಬಲೂನಿನ ಹಗ್ಗ ಹಿಡಿದವಳು ದ್ಯಾಮವ್ವ,
ಗಜೇಂದ್ರಗಡದ ಕಡೆಯವಳು.
ನನ್ನ ವರದಿ ಇನ್ನೂ ಹುಟ್ಟಿಲ್ಲ,
ಅವಳ ತಗಡಿನ ಶೆಡ್ಡಿಗೆ ಆಗಲೇ ಎರಡು ತಿಂಗಳು.
ಬಾಗಿಲಲ್ಲಿ ರಂಗೋಲಿ ಕೂಡ ಇದೆ.

ಒಂದನೆಯ ಜಾಗ, ಚಾಪೆಲ್ಲಿನ ಮೆಟ್ಟಿಲು:
ಬಲೂನು ಪೂರ್ತಿ ಕಾಣುತ್ತದೆ. 'ಗಣನೀಯ'.
ಎರಡನೆಯದು, ಪಾವಿನಂಗಡಿ:
ಹಲಸಿನ ಮರ ಅಡ್ಡ. 'ನಗಣ್ಯ', ಮರ ಇರುವ ತನಕ.
ಮೂರರಲ್ಲಿ ಬಾಲ್ಕಾಂವಿನ ಕಲ್ಲುಬೆಂಚಿನಿಂದ
ಟೀಚರ್ ಅರ್ಮಿಂದ ಕನ್ನಡಕ ಏರಿಸಿ ನೋಡಿ
'ಇಷ್ಟೇನಾ?' ಅಂದರು. 'ಚೆಂದ ಇದೆ. ಇರಲಿ ಬಿಡಿ.'
ಬಲೂನಿಗೆ ಒಪ್ಪಿಗೆಯೋ, ಮನೆಗಳಿಗೋ?
ಕೇಳಲು ಬಾಯಿ ಬರಲಿಲ್ಲ.
ನಾಲ್ಕರಲ್ಲಿ ಒಂದು ಎಮ್ಮೆ. ಎಮ್ಮೆಗೆ ಕಾಲಂ ಇಲ್ಲ.

ಐದನೆಯದಕ್ಕೆ ಇನಾಸನ ದೋಣಿ ಹತ್ತಿದೆ.
ಇಳಿತದ ಹೊತ್ತು, ಸಾಳ್ ನದಿ ಕೆಸರಿನ ಬಣ್ಣ,
ಗಜನಿಯ ತೂಬಿನ ಬಳಿ ಬೆಳ್ಳಕ್ಕಿ ಸಾಲು.
'ಈ ನೋಟದಲ್ಲಿ ನಿಮಗೆ ಏನು ಇಷ್ಟ?'
ಇದೂ ನಿಯಮದ ಪ್ರಶ್ನೆಯೇ.
ಅವನು ಹುಟ್ಟು ಎತ್ತಿ ಹಿಡಿದ. ನೀರು ತೊಟ್ಟಿಕ್ಕಿತು.
'ಇಷ್ಟ ಗಿಷ್ಟ ಗೊತ್ತಿಲ್ಲ ಬಾಯಿ.
ಆ ಶಿಲುಬೆ ಕಂಡಿತಾ? ಹಿಂದೆ ಗುಡ್ಡದಲ್ಲೊಂದು ಕಚ್ಚು ಇದೆ,
ಬೆಲ್ಲದ ಅಚ್ಚು ಇಲಿ ಕಡಿದ ಹಾಗೆ.
ಶಿಲುಬೆ ಕಚ್ಚಿನೊಳಗೆ ನಿಂತರೆ ದೋಣಿಯಡಿ ಆಳ ನೀರು.
ಒಂದು ಗೇಣು ಬಲಕ್ಕೆ ಸರಿದರೆ ಬಂಡೆ.
ನನ್ನಪ್ಪ ಕತ್ತಲಲ್ಲೂ ಬರುತ್ತಿದ್ದ,
ಕಚ್ಚಿನಲ್ಲಿ ಆಕಾಶ ಇಷ್ಟೇ ಇಷ್ಟು ತೆಳ್ಳಗಿರುತ್ತದೆ, ಸಾಕು.'

ಕಚ್ಚಿನ ನಟ್ಟನಡುವೆ ನನ್ನ ಬಲೂನು.

ಇನಾಸ ಕಂಡ. ಏನೂ ಅನ್ನಲಿಲ್ಲ.
ದೋಣಿಯನ್ನು ಮಾತ್ರ
ಬೇಕಾದ್ದಕ್ಕಿಂತ ತುಸು ಎಡಕ್ಕೆ ತಿರುಗಿಸಿದ.
ನಾನು ಬರೆದೆ: 'ನೋಡುವವರು, ದೋಣಿಯವರು.
ಸಂಖ್ಯೆ ಕಡಿಮೆ. ಪರಿಣಾಮ ಮಧ್ಯಮ.'
ಪೆನ್ಸಿಲ್ಲು ಮುರಿಯಿತು ಅಂತೇನೂ ಇಲ್ಲ,
ಚೆನ್ನಾಗಿಯೇ ಬರೆಯಿತು.

ಸಂಜೆ ಗುಡ್ಡ ಹತ್ತಿ ಹೋದರೆ
ದ್ಯಾಮವ್ವ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು
ಅಕ್ಕಿ ಆರಿಸುತ್ತಿದ್ದಳು.
ಮಡಿಲಲ್ಲಿ ಮೊರ, ನೆತ್ತಿಯ ಮೇಲೆ ಏಳು ಅಂತಸ್ತು.
'ಅಕ್ಕಾರ, ಇದು ಕಟ್ಟಿದ್ಮ್ಯಾಲ ಕೆಳಗಿನವರಿಗೆ
ಗುಡ್ಡ ಕಾಣಂಗಿಲ್ಲ ಅಂತ ಬರೀತೀರಲ್ಲ,
ಮ್ಯಾಲಿನವರಿಗೆ ಏನ್ ಕಾಣತೈತಿ ಅಂತ ಬರೀರಿ.
ಬೇತೂಲದಾಗ ಆರನೇ ಸ್ಲ್ಯಾಬಿಗೆ ಬುಟ್ಟಿ ಹೊತ್ತಿದ್ದೆ.
ಗ್ವಾಡಿ ಇರಲಿಲ್ಲ ಇನ್ನಾ. ಉಣ್ಣಾಕ ಕುಂತ್ರ
ಒಂದ ಕಡೆ ಹೊಳಿ, ಒಂದ ಕಡೆ ಸಮುದ್ರ,
ರೊಟ್ಟಿ ಮ್ಯಾಲ ಗಾಳಿ.
ನನ್ನ ಮಗಳು ಅಲ್ಲೇ ನಿಂತು ಹಡಗ ಎಣಿಸೂದು ಕಲತ್ಳು.
ಗ್ವಾಡಿ ಎದ್ದೂ, ಕಿಟಕಿ ಬಂತು.
ಕಿಟಕಿ ಬಂದ ಮ್ಯಾಲ ನಮ್ದಲ್ಲ.'

ಹನ್ನೊಂದು ಜಾಗ ಮುಗಿದಿತ್ತು.
ಜಂಬಿಟ್ಟಿಗೆಯನ್ನು ಅವಳ ಒಲೆಯ ಪಕ್ಕ ಇಟ್ಟು
ಹನ್ನೆರಡನೆಯದನ್ನು ಹತ್ತಿದೆ.
ಅಲ್ಲಿಂದ ಊರು ಕಂಡಿತು: ಹಂಚು, ತೆಂಗು,
ಹೊಗೆಯಂಥ ನದಿ, ಇನಾಸನದೇ ಇರಬೇಕು, ಒಂದು ಚುಕ್ಕೆ.
ಬಲೂನು ಮಾತ್ರ ಕಾಣಲಿಲ್ಲ,
ನನ್ನ ತಲೆಯ ಮೇಲೇ ಇತ್ತು.

ಆಫೀಸಿನಲ್ಲಿ ಹನ್ನೆರಡನೆಯ ಪುಟ ತೆಗೆದರು.
ಶಿಲುಬೆಗೂ ಕಚ್ಚಿಗೂ ನಾನೆಳೆದಿದ್ದ ಗೆರೆಯನ್ನು
ಅಳತೆ ಇಲ್ಲವೆಂದು ಅಳಿಸಿದರು.
ಖರ್ಚಿನ ಪಟ್ಟಿಯೊಂದು ಇನ್ನೂ ಮೇಜಿನ ಮೇಲಿದೆ:
ಜೀಪು, ಗ್ಯಾಸು, ಬಲೂನು, ದೋಣಿ.
ಮೂರು ದಿನ ಹಗ್ಗ ಹಿಡಿದ ಕೂಲಿಯನ್ನು
ಯಾವುದರ ಕೆಳಗೆ ಬರೆಯಲಿ?