ಇಪ್ಪತ್ತು ಫ್ರೇಮು ಮುಂಚೆ

ಡಬ್ಬಿಯ ಮುಚ್ಚಳ ತೆಗೆದರೆ ಹುಳಿ ವಾಸನೆ,
ಉಪ್ಪು ಸಾಲದೆ ಕೆಟ್ಟ ಮಿಡಿಯ ಭರಣಿಯದು.
ಪುಣೆಯ ಈ ತಣ್ಣನೆ ಉಗ್ರಾಣದಲ್ಲಿ
ಸ್ವೆಟರ್ ಹಾಕಿಕೊಂಡೇ ಏಪ್ರಿಲ್ ಕಳೆಯುತ್ತೇನೆ.
ಬಿಳಿ ಕೈಗವಸು ತೊಟ್ಟು, ರೀಲು ಸವರಿ,
ಬರೆದುಕೊಳ್ಳುವುದು, ಇಷ್ಟೇ ನನ್ನ ಕೆಲಸ:
ಕುಗ್ಗಿದೆ. ಗೀರಿದೆ. ಅಂಚಿನ ತೂತು ಹರಿದಿದೆ. ಓಡಿಸಬಾರದು.

ವಾರ್ತಾಚಿತ್ರ. ಐವತ್ತಾರು, ನವೆಂಬರ್. ಭಾಷೆ: ಕನ್ನಡ.

ಆ ಕನ್ನಡ ನನ್ನ ದೊಡ್ಡಪ್ಪನದು.
ಬಚ್ಚಪ್ಪ ಶೇರಿಗಾರ, ಕುಂದಾಪುರ ಕಡೆಯವ.
ಹಗಲು ಪರೇಲಿನ ಮಿಲ್ಲಿನಲ್ಲಿ ನೂಲಿನ ಲೆಕ್ಕ,
ಸಂಜೆ ರಾತ್ರಿಶಾಲೆಯ ಹೋಟೆಲ್ ಹುಡುಗರಿಗೆ ಮಗ್ಗಿ,
ವಾರಕ್ಕೊಮ್ಮೆ ಇಸ್ತ್ರಿ ಅಂಗಿ ತೊಟ್ಟು
ಪೆಡ್ಡರ್ ರೋಡಿನ ಸ್ಟುಡಿಯೋಗೆ ಹೋಗಿ
ಲೋಕವನ್ನು ಕನ್ನಡದಲ್ಲಿ ಓದಿ ಬರುವುದು.
ಅಂಗಿ ಯಾರಿಗೆ ಕಾಣುತ್ತದೆ ಎಂದರೆ
‘ದನಿಗೆ ಗೊತ್ತಾಗ್ತದೆ’ ಅಂದನಂತೆ.

ರೀಲಿಗೆ ಹನ್ನೆರಡು ರೂಪಾಯಿ.
ಕಾಲುವೆ ಸುಲಭ, ಅದು ಊರಲ್ಲೂ ಇತ್ತು.
ಕದನವಿರಾಮಕ್ಕೆ ನಾಲಿಗೆ ಎರಡು ಸಲ ಎಡವಿ ಸರಿಯಾಯಿತು.
ಸಮುದ್ರದ ಮೇಲೆದ್ದ ಆ ಮೋಡಕ್ಕೆ
‘ಅಣಬೆ’ ಎಂದು ಬರೆದಾಗ ಮಾತ್ರ ಹಟ ಹಿಡಿದ:
ಮೊದಲ ಗುಡುಗಿಗೆ ಏಳುವುದು, ನಾವು
ಬುಟ್ಟಿ ಹಿಡಿದು ಹುಡುಕಿ ತಂದು ಪಲ್ಯ ಮಾಡುವುದು,
ಅದರ ಹೆಸರು ಇದಕ್ಕೆ ಕೊಡಲಾರೆ.
ಹೊಗೆ ಅಂತಲೇ ಓದಿದ. ಯಾರೂ ಗಮನಿಸಲಿಲ್ಲ.

ಚಾಳಿಗೆ ಬಂದರೂ ದನಿ ಕಳಚುತ್ತಿರಲಿಲ್ಲ.
ಹಾಲಿನವನ ಬಾಕಿ, ಅಕ್ಕನ ಅಂಕಪಟ್ಟಿ,
ನಲ್ಲಿಯ ಸಾಲಿನಲ್ಲಿ ಕೊಡಪಾನಗಳ ಘರ್ಷಣೆ, ಎಲ್ಲವೂ
‘ವರದಿಯಾಗಿದೆ.’
ನಾವು ನಕ್ಕು ಉರುಳುತ್ತಿದ್ದೆವು.

ಕೆಮ್ಮಿನ ಕತೆಯೊಂದನ್ನು ಮಾತ್ರ
ತನ್ನ ಸ್ವಂತ ದನಿಯಲ್ಲಿ ಹೇಳುತ್ತಿದ್ದ.
ಗಂಟಲಲ್ಲಿ ಮಿಲ್ಲಿನ ಹತ್ತಿ ಕೂತಿತ್ತು.
‘ನಿರಾಶ್ರಿತರು’ ಎನ್ನಬೇಕು, ಬಾಯಿ ತೆರೆದರೆ ಕೆಮ್ಮು.
ಮತ್ತೆ ಓದಲು ಹೊತ್ತಿಲ್ಲ, ಪ್ರಿಂಟುಗಳು ರೈಲು ಹತ್ತಬೇಕು.
ಹಾಗಾಗಿ ಗದಗ, ದಾವಣಗೆರೆ, ಮಂಗಳೂರಿನ ಕತ್ತಲಲ್ಲಿ
ಹಂಗೇರಿಯ ಹಿಮ ದಾಟುವವರ ಮೇಲೆ
ಒಂದು ವಾರವಿಡೀ ದೊಡ್ಡಪ್ಪ ಕೆಮ್ಮಿದ.
ಎಲ್ಲರಿಗಿಂತ ಮುಂದೆ ಒಬ್ಬ ಹೆಂಗಸು,
ಅವಳ ಎದೆಗೆ ಒತ್ತಿಕೊಂಡು ಒಂದು ಗೋಡೆ ಗಡಿಯಾರ.
‘ಅದನ್ನ್ಯಾಕೆ ಹೊತ್ತಳೋ ಮಾರಾಯ್ತಿ,
ಹೊತ್ತು ನೋಡಿ ಯಾವ ಮನೆಗೆ ಹೋಗ್ಲಿಕ್ಕಿತ್ತು?’

ಅದೇ ವಾರ ಕನ್ನಡಕ್ಕೊಂದು ನಕಾಶೆ ಬಂತು.
ಅವನು ಹುಟ್ಟಿದ ಊರು ಗೆರೆಯ ಒಳಗೆ,
ದಿನವೂ ಬಿಡಿಸಿ ಸುತ್ತಿಡುವ ಚಾಪೆ ಹೊರಗೆ.
ಆ ಸುದ್ದಿಯನ್ನೂ ಅವನೇ ಓದಿದ. ಕೆಮ್ಮಲಿಲ್ಲ.

ಓಡಿಸಬಾರದು, ಸರಿ. ನೋಡಬಹುದಲ್ಲ.
ಬೆಳಕಿನ ಮೇಜಿನ ಮೇಲೆ ಮಾರುಗಟ್ಟಲೆ ಎಳೆಯುತ್ತೇನೆ.
ಚಿತ್ರದ ಪಕ್ಕ, ಸೀರೆಯಂಚಿನಷ್ಟೂ ಇಲ್ಲದ ಪಟ್ಟಿಯಲ್ಲಿ
ಅವನ ದನಿ ಗರಗಸದ ಹಲ್ಲಾಗಿ ನಿಂತಿದೆ.
ಭೂತಗನ್ನಡಿಗೆ ಇಲ್ಲೊಂದು ಉಸಿರು,
ಇಲ್ಲೊಂದು ಹಲ್ಲಂಚಿನ ಸಕಾರ, ‘ಸೂಯೆಜ್’ ಇರಬೇಕು.

ಹೆಂಗಸು ಸಿಕ್ಕಳು.
ಗಡಿಯಾರವಲ್ಲ ದೊಡ್ಡಪ್ಪ, ಅದು ಹಿಟ್ಟಿನ ಜರಡಿ.
ಅವಳ ಪಕ್ಕದ ಪಟ್ಟಿ ನಯವಾಗಿದೆ. ಕೆಮ್ಮಿಲ್ಲ.

ಮರೆತಿದ್ದೆ, ಈ ಕಸುಬಿನ ಮೊದಲ ಪಾಠ:
ಫಿಲ್ಮಿನ ಮೇಲೆ ದನಿ ತನ್ನ ಚಿತ್ರದ ಪಕ್ಕ ಇರುವುದಿಲ್ಲ,
ಇಪ್ಪತ್ತು ಫ್ರೇಮು ಮುಂಚೆಯೇ ಬಂದು ಕೂತಿರುತ್ತದೆ.
ಎರಡನ್ನೂ ಕೂಡಿಸುವುದು ಯಂತ್ರ.

ಹಿಂದಕ್ಕೆ ಎಣಿಸಿದೆ. ನಾಲ್ಕು, ಐದು, ಹಿಮ ಮುಗಿಯಿತು.
ತೋರಣ. ಮೆರವಣಿಗೆ. ಲಾರಿಯ ಮೇಲೆ ರಟ್ಟಿನ ನಕಾಶೆ,
ಬೀಳದಂತೆ ಅದನ್ನು ಹಿಡಿದ ಹುಡುಗ
ಕ್ಯಾಮೆರಾ ಕಂಡು ಹಲ್ಲು ಬಿಟ್ಟಿದ್ದಾನೆ.
ಅವನ ಕಿವಿಯ ಪಕ್ಕದಲ್ಲೇ
ಮುಳ್ಳುಹಂದಿಯ ಬೆನ್ನಿನಂತೆ ಕಪ್ಪಗೆ
ಒಂದು ಗೇಣು.

ಕೈಗವಸು ಕಳಚಬಾರದು, ಅದು ಎರಡನೆಯ ಪಾಠ.
ಕಳಚಿದೆ.