ಐದನೇ ಜ್ವರ

ಹನ್ನೊಂದು ಸೆಕೆಂಡಿನ ತುಣುಕು.
ಮಾನಂದವಾಡಿ ರಸ್ತೆಯ ಸಾಕಣೆಮನೆಯಲ್ಲಿ
ರಾತ್ರಿ ಎರಡೂವರೆಗೆ, ಉಸಿರು ಬಿಗಿಹಿಡಿದು ತೆಗೆದದ್ದು.
ಹಣ್ಣಾದ ಹುಳು ಚಂದ್ರಿಕೆಯ ಬಿದಿರಸುತ್ತಿನಲ್ಲಿ
ತಲೆಯೆತ್ತಿ ಗಾಳಿಯಲ್ಲಿ ಎಂಟು ಬರೆಯುತ್ತದೆ.
ಇಂಗ್ಲಿಷಿನ ಎಂಟು. ನಮ್ಮ ೮ ಅಲ್ಲ,
ನಮ್ಮದು ಬಾಯಿ ತೆರೆದುಕೊಂಡೇ ಇರುತ್ತದೆ,
ಅದರೊಳಗೆ ಯಾರೂ ಮಲಗಲಾರರು.

ಪಿಡಿಎಫ್ ಮಾಡಿಬಿಡಿ ಮೇಡಂ, ಎಂದಿದ್ದ ಚಿಕ್ಕವೀರ.
ಹೋದ ಸಲ ಹಲಗೂರಿನ ಪರದೆಯ ಮೇಲೆ
‘ರೇಷ್ಮೆ’ಯ ಒತ್ತು ಕಿತ್ತು ಪಕ್ಕಕ್ಕೆ ಬಿದ್ದಿತ್ತು,
ಉಳಿದದ್ದೆಲ್ಲ ಚೌಕ ಚೌಕ.
ಪಿಡಿಎಫ್ ಅಂದರೆ ಬೇಯಿಸಿದ ಗೂಡು:
ಎಲ್ಲಿ ತೆರೆದರೂ ಅದೇ ಆಕಾರ,
ಎಳೆ ಹರಿಯದು, ಅಕ್ಷರ ಚದುರದು.
ಒಳಗಿರುವುದು ಏಳುವುದೂ ಇಲ್ಲ,
ಇದನ್ನು ಮಾತ್ರ ಅವನು ಹೇಳಲಿಲ್ಲ.

ನನ್ನ ಮೇಜಿನ ಮೇಲೆ ಚೆನ್ನಾಗಿಯೇ ಓಡಿತ್ತು.

ಹಲಗೂರಿನಲ್ಲಿ ಏಳನೇ ಸ್ಲೈಡ್.
ತ್ರಿಕೋನ ಒತ್ತಿದೆ. ಮತ್ತೆ ಒತ್ತಿದೆ.
ತಲೆಯೆತ್ತಿದ ಹುಳು ತಲೆಯೆತ್ತಿಯೇ ನಿಂತಿತು.
ಫ್ಯಾನು ತಿರುಗುವ ಸದ್ದು.
ಹಿಂದಿನ ಬೆಂಚಿನಿಂದ ಸಣ್ಣತಾಯಮ್ಮ:
“ಜ್ವರಕ್ಕೆ ಕುಂತದೆ ಕಣವ್ವ, ಮುಟ್ಬ್ಯಾಡ.”
“ಅಣ್ಣಾದ ಉಳೀಗೆ ಎಂತಾ ಜ್ವರ? ನಾಕೇ ಅಲ್ವಾ ಇರಾದು?”
“ಇದು ಐದ್ನೇದು. ಸರ್ಕಾರದ ಉಳ.”
ನಲವತ್ತು ಜನ ನಕ್ಕರು. ನಾನೂ ನಕ್ಕೆ,
ಕಿವಿ ಮಾತ್ರ ಕಾದ ಹಂಚು.

ವಾಪಸು ಬರುವ ಬಸ್ಸಿನಲ್ಲಿ ಹೊಳೆಯಿತು.
ನಾನು ಹುಳುವನ್ನು ಒಳಗೆ ಇಟ್ಟಿರಲೇ ಇಲ್ಲ,
ಅದರ ವಿಳಾಸವನ್ನಷ್ಟೇ ಬರೆದಿಟ್ಟಿದ್ದೆ.
ವಿಳಾಸ ಹಿಡಿದು ಹಲಗೂರಿನ ಕಂಪ್ಯೂಟರು
ಮೈಸೂರಿನ ನನ್ನ ಮೇಜಿನ ಕದ ತಟ್ಟಿರಬೇಕು,
ಅಲ್ಲಿ ಯಾರಿದ್ದರು ತೆಗೆಯಲು?

ಮರುದಿನ ಹುಳುವನ್ನೇ ಒಳಗಿಟ್ಟು ಮುಚ್ಚಿದೆ.
ಕಡತ ಬಸುರಿಯಂತೆ ದಪ್ಪಗಾಯಿತು.
ಒಂದು ಯಂತ್ರದಲ್ಲಿ ಏಳುತ್ತದೆ, ಇನ್ನೊಂದರಲ್ಲಿ ಬೂದು ಡಬ್ಬಿ,
ಮೂರನೆಯದು ಅನುಮತಿ ಕೇಳುತ್ತದೆ,
ಕೊಟ್ಟರೆ, ನನ್ನನ್ನು ಎಬ್ಬಿಸುತ್ತಿದ್ದವನು
ತೀರಿಕೊಂಡು ವರ್ಷಗಳಾದವು ಎನ್ನುತ್ತದೆ.
ಚಿಕ್ಕವೀರ ತಲೆ ಕೆರೆದುಕೊಂಡ.
ನಾನು ಕತ್ತರಿ ಹಿಡಿದೆ.

ಹನ್ನೊಂದು ಸೆಕೆಂಡು, ಸೆಕೆಂಡಿಗೆ ಹನ್ನೆರಡು ಚಿತ್ರ,
ನೂರ ಮೂವತ್ತೆರಡು ಪುಟ.
ಒಂದೊಂದರಲ್ಲೂ ಹುಳು ಸತ್ತ ಹಾಗೆ ನಿಶ್ಚಲ,
ಒಂದೊಂದರಲ್ಲೂ ತಲೆ ಒಂದೆಳೆಯಷ್ಟು ಆಚೆ.
ಇನ್ನು ಓಡಿಸಲು ಯಾವ ಯಂತ್ರದ ಕೃಪೆಯೂ ಬೇಡ,
ಬಾಣದ ಗುರುತಿನ ಕೀಲಿಯೊಂದು, ಬೆರಳೊಂದು.

ಮುಂದಿನ ಬುಧವಾರ, ಹಲಗೂರು, ಅದೇ ಪರದೆ.
“ಎದ್ದದೆ!” ಅಂದರು ಯಾರೋ.
ಸಣ್ಣತಾಯಮ್ಮ ಸೆರಗು ಸಿಕ್ಕಿಸಿ ಮುಂದೆ ಬಂದು
“ಸರೀಯವ್ವ ಅಂಗೇ” ಎಂದು ಕೀಲಿ ತಾನೇ ಒತ್ತಿದಳು,
ಸೊಪ್ಪು ಹೆಚ್ಚಿ ಹೆಚ್ಚಿ ಹಸಿರುಗಟ್ಟಿದ ಬೆರಳು.
ಮುಂದಕ್ಕೆ ಒತ್ತಿದರೆ ಎಳೆ ಹೊರಗೆ,
ಹಿಂದಕ್ಕೆ ಒತ್ತಿದರೆ ಎಳೆ ಮರಳಿ ಬಾಯಿಗೆ.
ನುಂಗಿಸಿದಳು, ಉಗುಳಿಸಿದಳು, ಮತ್ತೆ ನುಂಗಿಸಿದಳು.
ಮುಂದಿನ ವಿಷಯ ಗೊಬ್ಬರ, ಸಾಹೇಬರು ಗಡಿಯಾರ ನೋಡಿದರು,
ಅವಳು ನೋಡಲಿಲ್ಲ.

ಎಂಬತ್ತನಾಲ್ಕನೇ ಪುಟಕ್ಕೆ ಬೆರಳು ನಿಂತಿತು.
ಎಂಬತ್ತೈದು, ಎಂಬತ್ತಾರು, ಎಂಬತ್ತೇಳು:
ತಲೆ ಕದಲಲಿಲ್ಲ. ಹುಳು ಬರೆಯುವುದನ್ನು ಬಿಟ್ಟು
ಏನನ್ನೋ ಆಲಿಸುತ್ತಿತ್ತು.
ಓಡುವ ತುಣುಕನ್ನು ನಾನು ನೂರು ಸಲ ನೋಡಿದ್ದೆ,
ಇದನ್ನು ನೋಡಿರಲಿಲ್ಲ.

“ಇಲ್ಲಿ ಗಾಳಿ ತಾಕದೆ,” ಅಂದಳು ಪರದೆ ಬಿಟ್ಟು ಕಣ್ಣೆತ್ತದೆ,
“ನೀನು ಉಸ್ರು ಬುಟ್ಟೆ ಕಣವ್ವ.”